ಭೈರವಾನಿತಿಪ್ಪ ಪರಿಸರದಲ್ಲಿ ಮರ ಕಡಿಯುವವರ ಮಾತು

ಊರಿನ ಹೆಸರಿನಿಂದಲೇ ಆರಂಭಿಸಬಹುದು. ‘ತಿಪ್ಪ’ ಎಂದರೆ ತೆಲುಗಿನಲ್ಲಿ ದಿಣ್ಣೆ, ದಿಬ್ಬ. ಕನ್ನಡದವರ ಕಿವಿಗೆ ಅದು ‘ತಿಪ್ಪೆ’ಯ ನೆಂಟನ ಹಾಗೆ ಕೇಳಿಸುತ್ತದೆ. ಹೆಸರಿನ ನಡುವಿನ ‘-ನಿ’ ತೆಲುಗಿನ ಷಷ್ಠಿಯಂತೆ ತೋರುತ್ತದೆ. ಕನ್ನಡದಲ್ಲಾಗಿದ್ದರೆ ‘ಭೈರವನ’ ಎಂದಾಗಬೇಕಿತ್ತು. ಆದರೆ ಇಂಥ ತೆಲುಗು ಹೆಸರಿನ ಊರಿನ ಆಸುಪಾಸಿನ ಮನೆ, ಹೊಲ, ಚಹಾದಂಗಡಿಗಳಲ್ಲಿ ಕನ್ನಡವೂ ನಡೆಯುತ್ತದೆ. ಒಂದೇ ಮಾತಿನ ಮೊದಲರ್ಧ ಕನ್ನಡದಲ್ಲಿದ್ದು ಉಳಿದರ್ಧ ತೆಲುಗಿನಲ್ಲಿದ್ದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಅನಂತಪುರ ಜಿಲ್ಲೆಯ ರಾಯದುರ್ಗ ಸೀಮೆಯ ಗುಮ್ಮಗಟ್ಟ ಮಂಡಲದಲ್ಲಿ ಈ ಊರಿದೆ. ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ದಾಟಿ ಚಳ್ಳಕೆರೆಯ ಕಡೆಯಿಂದ ಬರುವ ವೇದಾವತಿಗೆ ಇಲ್ಲಿ ಅಣೆಕಟ್ಟು ಕಟ್ಟಲಾಗಿದೆ. ಮುಂದೆ ಬಳ್ಳಾರಿಯ ಕಡೆ ಅದೇ ಹೊಳೆಗೆ ಹಗರಿ ಎಂದು ಹೆಸರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು, ಮಿಕ್ಕವು ಮೈಸೂರಿಗೆ ಸೇರಿದವು. ಮಡಕಶಿರಾ ಮೊದಲಿನಿಂದಲೂ ಅನಂತಪುರದ್ದೇ. 2022ರಲ್ಲಿ ಅದು ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗದ ಕನ್ನಡ ಬಳ್ಳಾರಿ, ಚಿತ್ರದುರ್ಗಗಳ ಕಡೆ ಮುಖ ಮಾಡಿದ್ದರೆ ಮಡಕಶಿರಾದ ಕನ್ನಡ ಶಿರಾ, ಪಾವಗಡಗಳ ಕಡೆ ಮುಖ ಮಾಡಿದೆ. ಒಂದೇ ಜಿಲ್ಲೆಯೆಂದು ಎಣಿಸಿಕೊಂಡು ಬಂದ ನೆಲದಲ್ಲಿ ಎರಡು ಬಗೆಯ ಕನ್ನಡಗಳಿವೆ ಎಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡಬೇಕು.

ಗಡಿನಾಡ ಕನ್ನಡದ ಬಗ್ಗೆ ನಡೆದಿರುವ ಚರ್ಚೆ ಬಹುಪಾಲು ಶಾಲೆ, ಪಠ್ಯಪುಸ್ತಕ, ಅರ್ಜಿ ನಮೂನೆಗಳ ಸುತ್ತ ನಡೆದಿದೆ. ಅದು ಬೇಕಾದದ್ದೇ. ಆದರೆ ಕೈಕೆಲಸದ ಮಾತು ಆ ಚರ್ಚೆಯೊಳಗೆ ಬರುವುದು ಅಪರೂಪ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಬೇಸಾಯದ ವೃತ್ತಿಪದಕೋಶ 1962ರಲ್ಲೇ ಹೊರಬಂದಿತು. ಯಾವ ಸೀಮೆಯಲ್ಲಿ ಯಾವ ಮಾತು ಎಂಬ ವಿವರವೂ ಅದರಲ್ಲಿದೆ. ಇಂಥ ಕೋಶ ಮಾಡುವಾಗ ನಾವೆಲ್ಲ ಒಂದು ರೂಢಿಗೆ ಬಿದ್ದಿದ್ದೇವೆ: ಪದವನ್ನು ಬರೆದುಕೊಳ್ಳುವುದು, ಎದುರಿಗೆ ‘ದೇಶ್ಯ’, ‘ಎರವಲು’ ಎಂದು ಗುರುತು ಹಾಕುವುದು, ಗಡಿಯ ಪದವಾದರೆ ‘ತೆಲುಗಿನ ಪ್ರಭಾವ’ ಎಂದು ಮುಗಿಸುವುದು. ನಾನೂ ಹಾಗೇ ಮಾಡುತ್ತಿದ್ದೆ. ಮರ ಕಡಿಯುವವರ ಜೊತೆ ಕೆಲವು ದಿನ ನಿಂತು ಕೇಳಿದ ಮೇಲೆ ಆ ಗುರುತು ಸಾಲದೆನ್ನಿಸಿತು. ಈ ಕೆಲಸದಲ್ಲಿ ಮಾತು ವಸ್ತುವಿನ ಹೆಸರಷ್ಟೇ ಅಲ್ಲ. ಮಾತು ತಪ್ಪಿದರೆ ಆಳು ಹೋಗುತ್ತಾನೆ. ಅಂಥ ಕಡೆ ಎರಡು ಭಾಷೆಯ ಪದಗಳು ಒಟ್ಟಿಗೆ ಇರುವುದಕ್ಕೆ ‘ಪ್ರಭಾವ’ಕ್ಕಿಂತ ಬೇರೆ ಕಾರಣವಿರಬಹುದು ಎಂಬುದೇ ಈ ಪ್ರಬಂಧದ ಮಾತು.

ಗಿಡವೋ ಮರವೋ

ಕೆಲಸಕ್ಕೆ ಕರೆಯುವ ಮಾತಿನಲ್ಲೇ ಮೊದಲ ತೊಡಕಿದೆ. ಉತ್ತರ ಕರ್ನಾಟಕದ ಬಹುಭಾಗದಲ್ಲಿ ದೊಡ್ಡ ಬೇವೂ ‘ಬೇವಿನ ಗಿಡ’ವೇ, ಹುಣಸೆಯೂ ‘ಹುಣಸಿ ಗಿಡ’ವೇ. ಬಳ್ಳಾರಿಗೆ ಹತ್ತಿರದ ರಾಯದುರ್ಗದ ಹಳ್ಳಿಗಳಲ್ಲೂ ಈ ಬಳಕೆ ಕೇಳುತ್ತದೆ. ತೆಲುಗಿನ ‘ಚೆಟ್ಟು’ ಸಹ ಹೀಗೇ ಚಿಕ್ಕದು ದೊಡ್ಡದೆನ್ನದೆ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಮಡಕಶಿರಾ ಕಡೆಯವರಿಗೆ ಮಾತ್ರ ‘ಗಿಡ’ ಎಂದರೆ ಎದೆಯೆತ್ತರದ್ದು, ನೆರಳು ಕೊಡುವಂಥದು ‘ಮರ’. ರಾಯಲಸೀಮೆಯ ತೆಲುಗಿನಲ್ಲಿ ದೊಡ್ಡ ಮರಕ್ಕೆ ‘ಮಾನು’ ಎಂಬ ಮಾತೂ ಇದೆ. ಕದಿರಿಯ ಹತ್ತಿರದ ಪ್ರಸಿದ್ಧ ಆಲದ ಮರ ‘ತಿಮ್ಮಮ್ಮ ಮರ್ರಿಮಾನು’ ಎಂಬ ಹೆಸರಿನಲ್ಲಿ ಇರುವುದು ಇದೇ. ‘ಮಾನು’ ಹಳೆಯ ‘ಮ್ರಾನು’ವಿನ ರೂಪ, ನಮ್ಮ ‘ಮರ’ಕ್ಕೆ ಅದು ಒಂದೇ ಬುಡದ್ದು.

ಇದು ಕೋಶದಲ್ಲಿ ಸಣ್ಣ ವ್ಯತ್ಯಾಸ. ಕೆಲಸದಲ್ಲಿ ಹಾಗಲ್ಲ. ಒಬ್ಬ ರೈತ ಹೊಲದ ಬದುವಿನಲ್ಲಿದ್ದ ಬೇವನ್ನು ತೆಗೆಸಲು ಆಳು ಕರೆಸಿ, “ಬದಿನ್ಯಾಗಿನ ಗಿಡ ತೆಗೀರಿ” ಎಂದು ಹೇಳಿ ಸಂತೆಗೆ ಹೋದನಂತೆ. ಬಂದವರು ಮಡಕಶಿರಾ ಕಡೆಯವರು. ಬದುವಿನಲ್ಲಿ ಬೇವೂ ಇತ್ತು, ಎರಡು ವರ್ಷದ ಕಸಿ ಮಾವಿನ ಗಿಡಗಳೂ ಇದ್ದವು. ಮುಂದೇನಾಯಿತೆಂದು ಹೇಳಬೇಕಾಗಿಲ್ಲ. ಈ ಕತೆಯನ್ನು ನನಗೆ ಹೇಳಿದವರು ನಕ್ಕರು. ಮಾವಿನ ಒಡೆಯ ನಕ್ಕಿರಲಾರ.

ಕಾನೂನಿನ ಮಟ್ಟದಲ್ಲೂ ಈ ತೊಡಕಿದೆ. ಆಂಧ್ರದಲ್ಲಿ ಮರ ಕಡಿಯಲು 2002ರ ಜಲ, ಭೂಮಿ, ವೃಕ್ಷ ಕಾಯಿದೆಯ ಮೇರೆಗೆ ಅನುಮತಿ ಪಡೆಯಬೇಕು, ಗಡಿಯಾಚೆ ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯಿದೆ. “ಒಂದ್ ಗಿಡ ತೆಗ್ಸೋದೈತಿ” ಎಂದು ಬಾಯಲ್ಲಿ ಹೇಳಿದಾಗ ಅದು ಅನುಮತಿ ಬೇಕಾದ ಮರವೋ ಬೇಡವಾದ ಪೊದೆಯೋ ಎಂಬುದು ಕೇಳುವ ಗುಮಾಸ್ತ ಯಾವ ಊರಿನವನು ಎಂಬುದರ ಮೇಲೆ ಹೋಗುತ್ತದೆ.

ಮರಗಳ ಹೆಸರುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. ಕೆರೆಯಂಗಳ, ಹಳ್ಳದ ದಂಡೆ, ಪಾಳುಬಿದ್ದ ಹೊಲಗಳನ್ನೆಲ್ಲ ಮುಚ್ಚಿರುವ ಮುಳ್ಳಿನ ಮರಕ್ಕೆ ಕನ್ನಡದಲ್ಲಿ ‘ಬಳ್ಳಾರಿ ಜಾಲಿ’, ತೆಲುಗಿನಲ್ಲಿ ‘ಸರ್ಕಾರು ತುಮ್ಮ’, ತಮಿಳಿನಲ್ಲಿ ‘ಸೀಮೈ ಕರುವೇಲಂ’. ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿಗಳು 1870ರ ದಶಕದ ಕೊನೆಯಲ್ಲಿ ಇದರ ಬೀಜ ತರಿಸಿ ಕಡಪದ ಕಡೆ ನೆಡಿಸಿದರು. ಕನ್ನಡಿಗರು ಬಳ್ಳಾರಿಯ ಮೇಲೆ, ತೆಲುಗರು ಸರ್ಕಾರದ ಮೇಲೆ, ತಮಿಳರು ಸೀಮೆಯ ಮೇಲೆ ಹೊರಿಸಿದ್ದಾರೆ. ನಮ್ಮದು ಎಂದವರು ಯಾರೂ ಇಲ್ಲ. ಆದರೂ ಸೌದೆ ಮತ್ತು ಇದ್ದಿಲಿಗೆ ಇಂದು ಮುಖ್ಯವಾಗಿ ಕಡಿಯುವುದು ಇದನ್ನೇ. ‘ಸೌದೆ’ ಎನ್ನುವುದು ಮಡಕಶಿರಾ, ‘ಕಟ್ಟಿಗಿ’ ಎನ್ನುವುದು ರಾಯದುರ್ಗ. ತೆಲುಗಿನ ‘ಕಟ್ಟೆಲು’ ಎರಡನೆಯದರ ಪಕ್ಕದಲ್ಲೇ ನಿಲ್ಲುತ್ತದೆ.

ಸಲಕರಣೆ

ಕೊಡಲಿ, ಮಚ್ಚು, ಗರಗಸ, ಹಗ್ಗ, ಬೆಣೆ, ಸುತ್ತಿಗೆ, ಹಾರೆ, ಉದ್ದ ಗಳದ ತುದಿಗೆ ಕೊಕ್ಕೆ ಕಟ್ಟಿದ ದೋಟಿ: ಕೈಕೆಲಸದ ಕಾಲದ ಸಾಮಾನು ಇಷ್ಟೇ. ಉಚ್ಚಾರದಲ್ಲಿ ಎರಡು ಸೀಮೆಗಳು ಬೇರೆಯಾಗುವುದು ಸುಲಭವಾಗಿ ಗೊತ್ತಾಗುತ್ತದೆ. ಬಳ್ಳಾರಿಯ ದಿಕ್ಕಿನ ಮಾತಿನಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ: ಹಾರಿ, ಬೆಣಿ, ಕೊಕ್ಕಿ, ಟೊಂಗಿ. ಮಡಕಶಿರಾ ಕಡೆ ಎಕಾರ ಉಳಿದು ಪದದ ಮೊದಲ ಹಕಾರ ಬೀಳುತ್ತದೆ: ಆರೆ, ಅಗ್ಗ. ‘ಟೊಂಗೆ’ಗೆ ಅಲ್ಲಿ ‘ಕೊಂಬೆ’. ಭೈರವಾನಿತಿಪ್ಪದಲ್ಲಿ ನಿಂತರೆ ‘ಐತಿ’, ‘ಐತೆ’ ಎರಡೂ ಕಿವಿಗೆ ಬೀಳುತ್ತವೆ. ಚಳ್ಳಕೆರೆ ಅಷ್ಟು ಹತ್ತಿರವಿರುವುದರಿಂದ ಇದು ಆಶ್ಚರ್ಯವಲ್ಲ.

ಕೊಡಲಿಯ ಹಿಡಿಕೆಗೆ ‘ಕಾವು’. ತೆಲುಗಿನ ‘ಕಾಮ’ ಇದಕ್ಕೆ ಜ್ಞಾತಿಪದ, ತಮಿಳಿನ ‘ಕಾಂಬು’ ಸಹ. ಹೂವಿನ ತೊಟ್ಟು, ಎಲೆಯ ಕಾಂಡ, ಕೊಡಲಿಯ ಹಿಡಿ ಎಲ್ಲವೂ ಒಂದೇ ಬುಡದಿಂದ ಬಂದಿವೆ ಎಂಬುದು ದ್ರಾವಿಡ ಜ್ಞಾತಿಪದಕೋಶವನ್ನು ತೆರೆದವರಿಗೆ ತಿಳಿಯುತ್ತದೆ. ಕಾವಿಗೆ ಕರಿಜಾಲಿ ಮೆಚ್ಚಿಗೆ. ಗಟ್ಟಿಯೂ ಹೌದು, ಪೆಟ್ಟು ತಡೆಯುವ ಗುಣವೂ ಇದೆ. ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆ ಹುಟ್ಟಿದ್ದು ಮರದ ದೃಷ್ಟಿಯಿಂದ. ಮರ ಕಡಿಯುವವನ ದೃಷ್ಟಿಯಿಂದ ಅದರ ಅರ್ಥವೇ ಬೇರೆ: ಸಡಿಲವಾದ ಕಾವಿನಿಂದ ಕೊಡಲಿಯ ತಲೆ ಹಾರಿದರೆ ಸಾವು ಎದುರಿಗಿದ್ದವನಿಗೆ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಕೊಡಲಿಯನ್ನು ನೀರಲ್ಲಿ ಅದ್ದುವುದು ಕಾವು ಉಬ್ಬಿ ಬಿಗಿಯಾಗಲೆಂದು. ಆದರೆ ಒಣಗಿದ ಮೇಲೆ ಅದು ಮತ್ತಷ್ಟು ಸಡಿಲವಾಗುತ್ತದೆ. ನಿಜವಾದ ಉಪಾಯ ಕಾವಿನ ತಲೆಗೆ ಬೆಣೆ ಹೊಡೆಯುವುದೇ.

ಗರಗಸಕ್ಕೆ ತೆಲುಗಿನಲ್ಲಿ ‘ರಂಪಂ’. ಕನ್ನಡದಲ್ಲಿ ರಂಪ ಎಂದರೆ ಗಲಾಟೆ. “ರಂಪಂ ತೀ” ಎಂದರೆ ‘ಗರಗಸ ತೆಗೆ’ ಎಂದರ್ಥ. ಹೊಸ ಆಳು ಜಗಳ ತೆಗೆಯಲು ಹೇಳಿದರೆಂದು ತಿಳಿದಾನು ಎಂದು ಅವರವರೇ ತಮಾಷೆ ಮಾಡುತ್ತಾರೆ. ಇಬ್ಬರು ಎಳೆಯುವ ಉದ್ದ ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ತುಸು ಬಗ್ಗಿಸಿರುತ್ತಾರೆ. ಕೊಯ್ದ ಸೀಳು ಅಲಗಿಗಿಂತ ಅಗಲವಾದರೆ ಮಾತ್ರ ಅಲಗು ಸಿಕ್ಕಿಕೊಳ್ಳದೆ ಓಡುತ್ತದೆ. ಹಲ್ಲು ತಿಕ್ಕಲು ಅರ, ಕೊಡಲಿ ಮಸೆಯಲು ಸಾಣೆ. ಉದುರುವ ಪುಡಿ ಕನ್ನಡಕ್ಕೆ ‘ಹೊಟ್ಟು’, ತೆಲುಗಿಗೆ ‘ಪೊಟ್ಟು’. ಪಕಾರ ಹಕಾರಗಳ ಹಳೆಯ ಬದಲಾವಣೆಯನ್ನು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮರದ ಒಳಗಿನ ಗಟ್ಟಿ ಭಾಗಕ್ಕೆ ಕನ್ನಡದಲ್ಲಿ ‘ಚೇಗು’, ತೆಲುಗಿನಲ್ಲಿ ‘ಚೇವ’. ಟೊಳ್ಳಾದ ಜಾಗ ‘ಪೊಟರೆ’, ತೆಲುಗಿನಲ್ಲಿ ‘ತೊರ್ರ’. ಬುಡಕ್ಕೆ ಕೊಡಲಿಯ ಬೆನ್ನಿನಿಂದ ಕುಟ್ಟಿ ಸದ್ದು ಕೇಳುವುದು ಮರ ನೋಡುವವನ ಮೊದಲ ಕೆಲಸ. ಚೇಗು ಕಟ್ಟಿದ ಮರದ ಸದ್ದು ಬಿಗಿ, ಟೊಳ್ಳು ಮರದ್ದು ಮಡಕೆಯಂತೆ. ಟೊಳ್ಳು ಮರ ಎಲ್ಲಿಗೆ ಬೀಳುತ್ತದೆಂದು ಯಾರೂ ಮಾತು ಕೊಡುವುದಿಲ್ಲ.

ಕಡಿಯುವ ಕ್ರಿಯೆಗಳು

ಇಂಗ್ಲಿಷಿನ ಒಂದು ಕ್ರಿಯಾಪದ ನಿಭಾಯಿಸುವ ಕೆಲಸಕ್ಕೆ ನಮ್ಮಲ್ಲಿ ಹತ್ತಾದರೂ ಇವೆ, ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು. ಕೊಡಲಿಯಿಂದ ‘ಕಡಿ’ಯುವುದು, ಗರಗಸದಿಂದ ‘ಕೊಯ್ಯು’ವುದು. ಸಣ್ಣ ರೆಂಬೆಗಳನ್ನು ಮಚ್ಚಿನಿಂದ ‘ಸವರು’ವುದು, ಸವರಿದ್ದನ್ನು ‘ಕೊಚ್ಚು’ವುದು. ದಿಮ್ಮಿಯನ್ನು ಎಳೆಯುದ್ದಕ್ಕೆ ‘ಸೀಳು’ವುದು, ತುಂಡನ್ನು ಒಲೆಗಾಗಿ ‘ಒಡೆ’ಯುವುದು, ಮೇಲ್ಮೈಯನ್ನು ‘ಕೆತ್ತು’ವುದು. ಎಲ್ಲ ಕೊಂಬೆ ತೆಗೆದರೆ ಮರವನ್ನು ‘ಬೋಳಿಸಿ’ದರು. ತೆಲುಗಿನಲ್ಲಿ ಕೊಡಲಿಗೆ ‘ನರುಕು’ ಅಥವಾ ‘ಕೊಟ್ಟು’, ಗರಗಸಕ್ಕೆ ‘ಕೋಯು’. ಕೊಯ್ಯು, ಕೋಯು ಎರಡೂ ಒಂದೇ ಆದ್ದರಿಂದ ಗರಗಸದ ಕೆಲಸದಲ್ಲಿ ಗೊಂದಲವಿಲ್ಲ. ‘ಕೊಟ್ಟು’ ಎಂಬುದು ಕನ್ನಡದವನಿಗೆ ‘ಕೊಡು’ವಿನ ರೂಪವಾಗಿ ಕೇಳುತ್ತದಾದರೂ ಕೊಡಲಿ ಕೈಯಲ್ಲಿರುವಾಗ ಯಾರೂ ಹಾಗೆ ತಪ್ಪು ತಿಳಿದದ್ದನ್ನು ನಾನು ಕಾಣಲಿಲ್ಲ.

ಕೊಂಬೆ ಕೊಯ್ಯುವುದು ಮರ ಕೆಡವುವುದಕ್ಕಿಂತ ಸುಲಭವೆಂದು ನಾವು ತಿಳಿಯುತ್ತೇವೆ. ಭಾರದ ಕೊಂಬೆಯನ್ನು ಮೇಲಿನಿಂದ ನೇರವಾಗಿ ಕೊಯ್ದರೆ ಅರ್ಧದಲ್ಲಿ ಮುರಿದು ತೊಗಟೆಯನ್ನು ಕಾಂಡದುದ್ದಕ್ಕೂ ಕಿತ್ತುಕೊಂಡು ಬರುತ್ತದೆ. ಅದಕ್ಕಾಗಿ ಮೊದಲು ಬುಡದಿಂದ ಒಂದು ಮೊಳ ಆಚೆ ಕೆಳಗಿನಿಂದ ಸ್ವಲ್ಪ ಕೊಯ್ದು, ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಆಮೇಲೆ ಉಳಿದ ಮೋಟನ್ನು ತೆಗೆಯಬೇಕು. ಆ ಮೂರನೆಯ ಕೊಯ್ತ ಕೊಂಬೆ ಹುಟ್ಟುವಲ್ಲಿನ ಉಬ್ಬಿನ ಹೊರಗೆ ಇರಬೇಕು. ಕಾಂಡಕ್ಕೆ ಸಮನಾಗಿ ನುಣ್ಣಗೆ ತೆಗೆದರೆ ಕೊಳೆ ಒಳಗೆ ಇಳಿಯುತ್ತದೆ. ಅಮೆರಿಕದ ಅರಣ್ಯ ರೋಗಶಾಸ್ತ್ರಜ್ಞ ಅಲೆಕ್ಸ್ ಶೈಗೋ 1970-80ರ ದಶಕಗಳಲ್ಲಿ ಸಾವಿರಾರು ಮರಗಳನ್ನು ಸೀಳಿ ನೋಡಿ ಹೇಳಿದ್ದು ಇದನ್ನೇ: ಮರಕ್ಕೆ ಗಾಯ ಮಾಯುವುದಿಲ್ಲ, ಮರ ಅದನ್ನು ಗೋಡೆ ಕಟ್ಟಿ ಮುಚ್ಚಿಕೊಳ್ಳುತ್ತದೆ. ನಮ್ಮ ಮಾತಿನಲ್ಲಿ ‘ಮಾಯು’, ‘ಮುಚ್ಚು’ ಎರಡೂ ಬೇರೆಬೇರೆಯಾಗಿಯೇ ಇವೆ. ಮರದ ವಿಷಯದಲ್ಲಿ ಮಾತ್ರ ಎಲ್ಲರೂ ‘ಮಾಯ್ತದೆ’ ಎನ್ನುತ್ತಾರೆ.

ಕೆಡವುವ ಕ್ರಮ

ನಾನು ನೋಡಿದ ಒಂದು ಕೆಲಸವನ್ನು ಇಲ್ಲಿ ಹೇಳುತ್ತೇನೆ. ಕಾಲುವೆಯ ಪಕ್ಕದ ಹಳೆಯ ಹುಣಸೆ. ತಂಡದಲ್ಲಿ ಐವರು: ಮೂವರು ಮನೆಯಲ್ಲಿ ಕನ್ನಡ ಆಡುವವರು, ಇಬ್ಬರು ತೆಲುಗಿನವರು. ಎಲ್ಲರಿಗೂ ಹಿರಿಯರಾದವರನ್ನು ಉಳಿದವರು ‘ತಾತ’ ಎನ್ನುತ್ತಿದ್ದರು. ಎಡಗಾಲು ಎಳೆದು ನಡೆಯುತ್ತಿದ್ದ ಅವರು ಕೊಡಲಿ ಮುಟ್ಟಲಿಲ್ಲ. ಮರವನ್ನು ಮೂರು ಸುತ್ತು ಸುತ್ತಿ ನೋಡಿದರು.

“ಮರ ಕೆನಾಲ್ ಕಡೆ ವಾಲೈತೆ. ಟೊಂಗೆ ಭಾರ ಹೊಲದ ಕಡೆ ಐತೆ. ಎರಡ್ರಾಗೆ ಯಾವ್ದು ಗೆಲ್ತದೋ ನೋಡ್ಬೇಕು.”

‘ವಾಲು’ ಎರಡು ಭಾಷೆಗೂ ಸೇರಿದ ಮಾತು, ಅರ್ಥವೂ ಒಂದೇ. ದಿಕ್ಕಿಗೆ ಅವರು ಎಡ ಬಲ ಹೇಳಲಿಲ್ಲ. ಮರದ ಎರಡು ಬದಿಗೆ ಎದುರುಬದುರಾಗಿ ನಿಂತವರಿಗೆ ಎಡ ಬಲ ತಲೆಕೆಳಗು. ಜೊತೆಗೆ ತೆಲುಗಿನಲ್ಲಿ ಬಲಕ್ಕೆ ‘ಕುಡಿ’. ಮೂಡಲು ಪಡುವಲನ್ನೂ ಹೇಳಲಿಲ್ಲ. ಕೆನಾಲು, ಹೊಲ, ಕಂಬ, ದಾರಿ ಎಂದು ಕಣ್ಣಿಗೆ ಕಾಣುವ ನಾಲ್ಕು ಗುರುತು ಹೇಳಿ ಐವರ ಬಾಯಲ್ಲೂ ಹೇಳಿಸಿದರು. ವಿದ್ಯುತ್ ಕಂಬದ ಕಡೆ ಕೈ ತೋರಿಸಿ, “ಅದ್ರ ಮ್ಯಾಲ್ ಬಿದ್ರೆ ಮರ ಕಡ್ಯಾಕೆ ನಾವಿರಲ್ಲ” ಎಂದರು.

ಬೀಳಬೇಕಾದ ಕಡೆಗೆ ಮೊದಲು ‘ಕಚ್ಚು’ ತೆಗೆಯುತ್ತಾರೆ. ಮರದ ದಪ್ಪದ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಬೆಣೆಯಾಕಾರದಲ್ಲಿ ತೆಗೆದ ಗಾಯ ಅದು. ಮರ ಅದರೊಳಗೆ ಮುಖ ಮಾಡಿ ಬೀಳುತ್ತದೆ. ಆಮೇಲೆ ಹಿಂದಿನಿಂದ, ಕಚ್ಚಿನ ತಳಕ್ಕಿಂತ ಒಂದೆರಡು ಅಂಗುಲ ಮೇಲೆ, ಗರಗಸ ಹಾಕುತ್ತಾರೆ. ಗರಗಸ ಒಳಹೋದ ಮೇಲೆ ಹಿಂದಿನ ಸೀಳಿಗೆ ಬೆಣೆ ಹೊಡೆಯುತ್ತಾರೆ, ಮರ ಹಿಂದಕ್ಕೆ ಕೂತು ಅಲಗನ್ನು ಹಿಡಿಯದಿರಲೆಂದು. ಎರಡು ಗಾಯಗಳು ಒಂದಕ್ಕೊಂದು ಕೂಡಬಾರದು. ನಡುವೆ ಮರದ ದಪ್ಪದ ಹತ್ತನೆಯ ಒಂದು ಭಾಗದಷ್ಟು ಪಟ್ಟಿ ಕೊಯ್ಯದೆ ಉಳಿಯಬೇಕು. ಬಾಗಿಲಿಗೆ ಬಿಜಾಗರಿ ಹೇಗೋ ಬೀಳುವ ಮರಕ್ಕೆ ಈ ಪಟ್ಟಿ ಹಾಗೆ. ಅದು ಬಗ್ಗುತ್ತಾ ಮರವನ್ನು ಹೇಳಿದ ಕಡೆಗೆ ಇಳಿಸುತ್ತದೆ. ಪೂರಾ ಕೊಯ್ದುಬಿಟ್ಟರೆ ಮರಕ್ಕೆ ಹಿಡಿತವಿಲ್ಲ, ಎಲ್ಲಿಗಾದರೂ ತಿರುಗುತ್ತದೆ. ಬಹಳ ವಾಲಿದ ಮರದಲ್ಲಿ ಇದಕ್ಕೆ ವಿರುದ್ಧದ ಅಪಾಯ: ಹಿಂದಿನ ಕೊಯ್ತ ಮುಗಿಯುವ ಮೊದಲೇ ಕಾಂಡ ಉದ್ದಕ್ಕೆ ಸೀಳಿ, ಹಿಂದಿನ ಸೀಳು ಮೇಲೆದ್ದು ನಿಂತವನ ಎದೆಗೆ ಬಡಿಯುತ್ತದೆ. ಆದ್ದರಿಂದ ಕೆಲಸಕ್ಕೆ ಮುಂಚೆಯೇ ಬೀಳುವ ದಿಕ್ಕಿಗೆ ವಿರುದ್ಧವಾಗಿ, ನೇರ ಹಿಂದಕ್ಕಲ್ಲದೆ ಓರೆಯಾಗಿ, ಓಡಲು ದಾರಿ ಸವರಿಟ್ಟಿರಬೇಕು. ಎಳೆಯುವ ಹಗ್ಗ ಮರದ ಎತ್ತರಕ್ಕಿಂತ ಉದ್ದವಿರಬೇಕು ಎಂಬುದನ್ನು ಹೇಳಬೇಕಾಗಿಲ್ಲ ಅನ್ನಿಸುತ್ತದೆ. ಹೇಳಲೇಬೇಕು ಎಂದರು ತಾತ.

ನನಗೆ ಕುತೂಹಲವಾದದ್ದು ಆ ಉಳಿಸಿದ ಪಟ್ಟಿಯ ಹೆಸರು. ಕೆಲಸದಲ್ಲಿ ಅದಕ್ಕಿಂತ ಮುಖ್ಯವಾದ ಭಾಗವಿಲ್ಲ. ಪ್ರಶ್ನಾವಳಿಯಲ್ಲಿ ಅದಕ್ಕೊಂದು ಸಾಲು ಬಿಟ್ಟುಕೊಂಡು ಹೋಗಿದ್ದೆ. “ಅದಕ್ಕೇನಂತೀರಿ?” ಎಂದು ತಿರುಗಿ ತಿರುಗಿ ಕೇಳಿದೆ. ತಾತ ಬೆರಳಿನಿಂದ ಅಗಲ ತೋರಿಸಿ, “ಏನಂತೀವಿ? ಇಷ್ಟು ಬಿಡು ಅಂತೀವಿ” ಎಂದರು. ಈ ತಂಡದಲ್ಲಿ ಅದಕ್ಕೆ ನಾಮಪದವಿಲ್ಲ, ಇರುವುದು ವಿಧಿರೂಪದ ಒಂದು ಕ್ರಿಯಾಪದ. ಅವರ ಕಾಲಿನ ಕತೆ ಹೊರಬಂದದ್ದು ಅಲ್ಲಿಂದಲೇ.

ವರ್ಷಗಳ ಹಿಂದೆ ಒಂದು ಬೇವಿನ ಮರ. ಮನೆಯೊಂದರ ಮೇಲೆ ವಾಲಿತ್ತು. ವಾಲಿನ ವಿರುದ್ಧ ಬೀಳಿಸಬೇಕೆಂದು ತುದಿಗೆ ಹಗ್ಗ ಕಟ್ಟಿ ಇಬ್ಬರು ಎಳೆದು ಹಿಡಿದಿದ್ದರು. ಇವರು ಹಿಂದಿನ ಕೊಯ್ತದಲ್ಲಿದ್ದರು. ಪಟ್ಟಿ ತೀರಾ ತೆಳುವಾಗುತ್ತಿರುವುದನ್ನು ಕಂಡ ಜೊತೆಗಾರ, “ಬಿಡು! ಬಿಡು!” ಎಂದು ಕೂಗಿದ.

“ನನಗಂದಿದ್ದು ಸಾ. ಸಾಕು, ಕೊಯ್ಬ್ಯಾಡ, ಬಿಡು ಅಂತ. ಹಗ್ಗದೋನು ತನಗಂದ್ರು ಅಂದ್ಕಂಡ, ಬಿಟ್ಟ. ಮರ ತಿರುಗ್ತು. ಅವನ್ದೇನು ತಪ್ಪಿಲ್ಲ. ಮಾತು ಒಂದೇ ಇತ್ತು, ಕೇಳೋರು ಇಬ್ರಿದ್ವಿ.”

ಕನ್ನಡದ ‘ಬಿಡು’ವಿನಲ್ಲಿ ಎರಡು ಅರ್ಥಗಳು ಅಕ್ಕಪಕ್ಕ ಕೂತಿವೆ. ಮುಟ್ಟದೆ ಉಳಿಸು ಎಂಬುದೊಂದು, ಹಿಡಿದದ್ದನ್ನು ಸಡಿಲಿಸು ಎಂಬುದು ಇನ್ನೊಂದು. ಮನೆಮಾತಿನಲ್ಲಿ ಸಂದರ್ಭ ಅರ್ಥವನ್ನು ತಿಳಿಸುತ್ತದೆ. ಮರದ ಕೆಳಗೆ ಗರಗಸದವನದೊಂದು ಸಂದರ್ಭ, ಹಗ್ಗದವನದೊಂದು ಸಂದರ್ಭ, ಕೂಗು ಒಂದೇ. ಮೊದಲನೆಯವನಿಗೆ ‘ಬಿಡು’ ಎಂದರೆ ನಿಲ್ಲು, ಎರಡನೆಯವನಿಗೆ ಅದರ ನೇರ ವಿರುದ್ಧ.

“ಅವತ್ನಿಂದ ಕೊಡ್ಲಿಗೆ ಕನ್ನಡ, ಹಗ್ಗಕ್ಕೆ ತೆಲುಗು.”

ಅಂದು ಹುಣಸೆಯ ಕೆಳಗೆ ಕೇಳಿದ್ದೂ ಹಾಗೇ. 

ಕೊಯ್ಯುವವನಿಗೆ ಹೇಳಿದ್ದು “ಬಿಡು”, “ಸಾಕು”, “ಇನ್ನೊಂದೆಳೆ”. ಹಗ್ಗದವರಿಗೆ “ಲಾಗು”, “ಪಟ್ಟು”, “ವದುಲು”: ಎಳೆ, ಹಿಡಿ, ಸಡಿಲಿಸು. ಹಗ್ಗ ಹಿಡಿದಿದ್ದ ಇಬ್ಬರಲ್ಲಿ ಒಬ್ಬ ಕನ್ನಡದವನೇ. ಅವನಿಗೂ ತೆಲುಗಿನಲ್ಲೇ ಹೇಳುತ್ತಿದ್ದರು, ‘ವದುಲು’ ಅವರ ಬಾಯಲ್ಲಿ ‘ಒದ್ಲು’ ಆಗಿತ್ತು. ಕೊಯ್ಯುತ್ತಿದ್ದವರಲ್ಲಿ ಒಬ್ಬ ತೆಲುಗಿನವನು. ಅವನಿಗೆ ಕನ್ನಡ. ಅಂದರೆ ಭಾಷೆಯನ್ನು ಹಂಚಿದ್ದು ಆಳಿನ ಮನೆಮಾತಿಗೆ ತಕ್ಕಂತೆ ಅಲ್ಲ, ಕೆಲಸಕ್ಕೆ ತಕ್ಕಂತೆ. ‘ವದುಲು’ ಎಂಬುದು ತೆಲುಗಿನಲ್ಲೂ ‘ಬಿಡು’ವಿನ ಹಾಗೆ ಎರಡೂ ಕಡೆ ವಾಲಬಲ್ಲ ಮಾತು ಎಂಬುದನ್ನು ಗಮನಿಸಬೇಕು. ಪೂರಾ ತೆಲುಗಿನ ತಂಡಕ್ಕೂ ಇದೇ ಅಪಾಯವಿದ್ದೀತು. ಇಲ್ಲಿ ಅನುಕೂಲ ಬಂದದ್ದು ತೆಲುಗಿನ ಗುಣದಿಂದಲ್ಲ, ಎರಡು ಮಾತು ಕೈಗೆ ಸಿಕ್ಕಿದ್ದರಿಂದ.

ಕನ್ನಡದೊಳಗೇ ಪದಗಳಿರಲಿಲ್ಲವೇ ಎಂದು ಕೇಳಬಹುದು. ಇದ್ದವು. ‘ಎಳಿ’ ಇದೆ, ರಾಯದುರ್ಗ–ಬಳ್ಳಾರಿ ಕಡೆಯ ‘ಜಗ್ಗು’ ಇದೆ. ಆದರೆ ‘ಜಗ್ಗು’ವಿನಲ್ಲೂ ತೊಡಕಿದೆ. ಆ ಕಡೆ ಅದು ಎಳೆ ಎಂಬ ಅರ್ಥದ್ದು. ತುಮಕೂರು ಸೀಮೆಯವರಿಗೆ ಜಗ್ಗುವುದೆಂದರೆ ಭಾರಕ್ಕೆ ಬಾಗುವುದು, ಕುಸಿಯುವುದು. “ಜಗ್ಗು, ಜಗ್ಗು” ಎಂದರೆ ಬಳ್ಳಾರಿಯವನು ಹಗ್ಗ ಎಳೆಯುತ್ತಾನೆ, ಮಡಕಶಿರಾದವನು ಕೊಂಬೆ ಜಗ್ಗಿತೇನೋ ಎಂದು ತಲೆಯೆತ್ತಿ ನೋಡುತ್ತಾನೆ. ಹೀಗೆ ಕನ್ನಡದ ಎರಡು ಪ್ರಭೇದಗಳ ನಡುವೆ ಒಮ್ಮತವಿಲ್ಲದ ಜಾಗದಲ್ಲಿ ಇಬ್ಬರಿಗೂ ಗೊತ್ತಿರುವ ತೆಲುಗಿನ ‘ಲಾಗು’ ಬಂದು ಕೂತಿದೆ. ನಮ್ಮ ಪಟ್ಟಿಯಲ್ಲಿ ಇದನ್ನು ‘ತೆಲುಗಿನ ಎರವಲು’ ಎಂದು ಬರೆದರೆ ತಪ್ಪಲ್ಲ, ಆದರೆ ಆ ಮಾತು ಅಲ್ಲಿ ಏಕಿದೆ ಎಂಬುದನ್ನು ಆ ಗುರುತು ಹೇಳುವುದಿಲ್ಲ. ಇದು ಒಂದು ತಂಡದಲ್ಲಿ ಕೇಳಿದ್ದು; ಪ್ರತಿ ಊರಿನಲ್ಲೂ ಹೀಗೇ ಎಂದು ಸಾಧಿಸುವ ಉದ್ದೇಶ ನನಗಿಲ್ಲ. ಬೇರೆ ತಂಡದವರು ಹಗ್ಗಕ್ಕೆ ‘ಸಡ್ಲು’ ಎಂದು ಕನ್ನಡದಲ್ಲೇ ಬೇರೆ ಮಾತು ಗೊತ್ತುಮಾಡಿಕೊಂಡಿರಬಹುದು. ಕೇಳಬೇಕಾದ ಪ್ರಶ್ನೆ ಮಾತ್ರ ಅದೇ: ಒಂದೇ ಹೊತ್ತಿನಲ್ಲಿ ಯಾರಿಗೆ ಯಾವ ಮಾತು?

ಆದ್ದರಿಂದ ವೃತ್ತಿಪದ ಸಂಗ್ರಹದ ಪ್ರಶ್ನಾವಳಿಯಲ್ಲಿ ವಸ್ತು, ಹೆಸರು ಎಂಬ ಎರಡು ಕಂಬ ಸಾಲವು. ಹೇಳುವವರು ಯಾರು, ಕೇಳುವವರು ಯಾರು, ಕೇಳಿದ ಮೇಲೆ ಏನು ಮಾಡುತ್ತಾರೆ ಎಂಬ ಕಂಬಗಳೂ ಬೇಕು. ಕೂತು ಕೇಳಿದರೆ ಕೊಡಲಿ, ಗರಗಸ, ಬೆಣೆ ಎಂಬ ನಾಮಪದಗಳು ಸಿಗುತ್ತವೆ. ಕೂಗಿನ ಮಾತು ಮರದ ಕೆಳಗೆ ನಿಂತರೆ ಮಾತ್ರ ಸಿಗುತ್ತದೆ.

ಆದರೆ ಆ ಕೂಗೇ ಈಗ ಕಡಿಮೆಯಾಗುತ್ತಿದೆ. ಪೆಟ್ರೋಲಿನ ಗರಗಸ ಬಂದಿದೆ. ‘ಮಿಷನ್ನು’ ಎಂದಷ್ಟೇ ಹೆಸರು. ಇಬ್ಬರು ಅರ್ಧ ದಿನ ಎಳೆಯುತ್ತಿದ್ದ ಕೊಯ್ತವನ್ನು ಒಬ್ಬನೇ ಕೆಲವೇ ನಿಮಿಷದಲ್ಲಿ ಮುಗಿಸುತ್ತಾನೆ. ಇದನ್ನು ಬೇಡವೆನ್ನುವ ಹಕ್ಕು ಗರಗಸ ಎಳೆಯದ ನನ್ನಂಥವನಿಗಿಲ್ಲ. ಆದರೆ ಅದರ ಸದ್ದು ನೂರು ಡೆಸಿಬಲ್ ದಾಟುತ್ತದೆ, ಪಕ್ಕದವನ ಕೂಗು ಕೇಳುವುದಿಲ್ಲ. ಅಲಗಿನ ಮೂಗಿನ ಮೇಲುಭಾಗ ಮರಕ್ಕೆ ತಗುಲಿದರೆ ಮಿಷನ್ನು ಹಿಡಿದವನ ಮುಖದ ಕಡೆಗೇ ಜಿಗಿಯುತ್ತದೆ. ಹೊರದೇಶಗಳಲ್ಲಿ ಈ ಕೆಲಸ ಕಲಿತವರು ತಲೆಗೆ ಗಟ್ಟಿ ಟೋಪಿ, ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ, ಸರಪಳಿಯನ್ನು ಸಿಕ್ಕಿಸಿ ನಿಲ್ಲಿಸುವ ನಾರಿನ ಪ್ಯಾಂಟು ಇಲ್ಲದೆ ಮರ ಮುಟ್ಟುವುದಿಲ್ಲ. ಇಲ್ಲಿ ಲುಂಗಿ, ತಲೆಗೆ ಟವಲು. ಹಿಂದಿನ ಕೊಯ್ತ ಬೇಗ ಓಡುವುದರಿಂದ “ಇಷ್ಟು ಬಿಡು” ಎನ್ನುವಷ್ಟರಲ್ಲಿ ಪಟ್ಟಿ ಮುಗಿದಿರುತ್ತದೆ.

ಹುಣಸೆಯ ಕೆಲಸದಲ್ಲೂ ಕಚ್ಚು ತೆಗೆದದ್ದು ಕೊಡಲಿಯಲ್ಲಿ, ಕೊನೆಯ ಕೊಯ್ತ ಮಿಷನ್ನಿನಲ್ಲಿ. ಮಿಷನ್ನು ಶುರುವಾಗುವ ಮೊದಲು ತಾತ ಎಲ್ಲರನ್ನೂ ನಿಲ್ಲಿಸಿ ಕೈಸನ್ನೆ ಹೇಳಿಕೊಟ್ಟರು. ಕೊಯ್ಯುವವನಿಗೆ ‘ಬಿಡು’ ಎಂದರೆ ಅಂಗೈ ಅಡ್ಡ. ಹಗ್ಗದವರಿಗೆ ‘ಲಾಗು’ ಎಂದರೆ ತಲೆಯ ಟವಲು ಬಿಚ್ಚಿ ಬೀಸುವುದು. ‘ವದುಲು’ವಿಗೆ ಸನ್ನೆಯನ್ನೇ ಇಡಲಿಲ್ಲ. ಏಕೆಂದು ಕೇಳಿದೆ.

“ಮಿಷನ್ ಓಡೋವಾಗ ಹಗ್ಗ ಬಿಡೋ ಮಾತೇ ಇಲ್ಲ ಸಾ. ಅದು ನಿಂತ್ಮ್ಯಾಲೆ ಬಾಯಾಗೇ ಹೇಳ್ತೀನಿ.”

ಮರ ಹೊಲದ ಕಡೆಗೆ ಬಿತ್ತು. ಧೂಳು ಇಳಿದು ಮಿಷನ್ನು ನಿಂತ ಮೇಲೆ ಅವರು “ಒದ್ಲು” ಎಂದರು. ಅದುವರೆಗೂ ಹಗ್ಗದವರಿಬ್ಬರೂ ಬಿದ್ದ ಮರದ ಹಗ್ಗವನ್ನೇ ಬಿಗಿಯಾಗಿ ಹಿಡಿದು ನಿಂತಿದ್ದರು.